ಕಪ್ಪು ಪರದೆಯಲ್ಲಿ ‘ಫಾರಿನ್ ಅಡ್ರೆಸ್’ ಕಂಡರೆ ಕಂಪ್ಯೂಟರ್ ಹ್ಯಾಕ್ ಆಗಿದೆ ಎಂದರ್ಥವೇ?

ಕಂಪ್ಯೂಟರ್ ಕಂಪನಿಯಿಂದ ಮಾತಾಡುತ್ತಿದ್ದೇವೆ ಎಂದು ಕರೆ ಮಾಡಿ ಮೋಸ ಮಾಡುವವರ ಆಟ ಹಳೆಯದು. ನಿಮ್ಮ ಕಂಪ್ಯೂಟರ್ ಹ್ಯಾಕ್ ಆಗಿದೆ ಎನ್ನುತ್ತಾರೆ. ನೀವು ನಂಬದಿದ್ದರೆ ‘ಸಿಎಂಡಿ’ ಎಂದು ಟೈಪ್ ಮಾಡಿಸಿ, ತೆರೆದುಕೊಳ್ಳುವ ಕಪ್ಪು ಪರದೆಯಲ್ಲಿ ‘ನೆಟ್‌ಸ್ಟ್ಯಾಟ್’ ಎಂಬ ಕಮಾಂಡ್ ಕೊಡಿಸುತ್ತಾರೆ. ಸಾಲುಸಾಲಾಗಿ ಅಂಕಿಗಳು ಬರುತ್ತವೆ, ಮೇಲೆ ‘ಫಾರಿನ್ ಅಡ್ರೆಸ್’ ಎಂಬ ತಲೆಬರಹ. “ನೋಡಿ, ವಿದೇಶದವರು ನಿಮ್ಮ ಕಂಪ್ಯೂಟರಿನೊಳಗೆ ಕೂತಿದ್ದಾರೆ!”

ಇದು ಸುಳ್ಳು. ಇಲ್ಲಿ ‘ಫಾರಿನ್’ ಎಂದರೆ ವಿದೇಶವಲ್ಲ, ಸಂಪರ್ಕದ ಆಚೆ ತುದಿ ಎಂದಷ್ಟೇ. ನೀವು ತೆರೆದ ವೆಬ್‌ಸೈಟಿನ ಸರ್ವರ್ ಬೆಂಗಳೂರಿನಲ್ಲೇ ಇದ್ದರೂ ಈ ಪಟ್ಟಿಯಲ್ಲಿ ಅದು ‘ಫಾರಿನ್’. ಬ್ರೌಸರ್ ತೆರೆದಿರುವ ಯಾವ ಕಂಪ್ಯೂಟರಿನಲ್ಲಾದರೂ ಇಂಥ ಸಾಲುಗಳು ಹತ್ತಾರು ಸಿಗುತ್ತವೆ. ವೈರಸ್ ಮಾಡಿಕೊಂಡ ಸಂಪರ್ಕವೂ ಅದರಲ್ಲಿ ಇರಬಹುದು, ನಿಜ. ಆದರೆ ಬರೀ ಈ ಪಟ್ಟಿ ನೋಡಿ ಯಾರೂ ಹಾಗೆ ಹೇಳಲಾರರು.

ಇನ್ನೊಂದು ತಂತ್ರ ‘ಅಸೋಕ್’ ಕಮಾಂಡಿನದು. ಪಟ್ಟಿಯ ಕೊನೆಯ ಕಡೆ 888 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಬರುತ್ತದೆ. ಕರೆ ಮಾಡಿದವನು ಅದನ್ನೇ ಮೊದಲು ಓದಿ ಹೇಳಿ, ಇದು ನಿಮ್ಮ ಕಂಪ್ಯೂಟರಿನ ಲೈಸೆನ್ಸ್ ನಂಬರ್, ನಮ್ಮ ಬಳಿ ಇದೆ ಎನ್ನುತ್ತಾನೆ. ಆ ಸಂಖ್ಯೆ ಎಲ್ಲ ವಿಂಡೋಸ್ ಕಂಪ್ಯೂಟರುಗಳಲ್ಲೂ ಒಂದೇ! ‘ಟ್ರೀ’ ಎಂಬುದಂತೂ ಫೋಲ್ಡರುಗಳ ಹೆಸರನ್ನು ಸರಸರನೆ ಓಡಿಸುತ್ತದೆ, ಅಷ್ಟೇ. ಅದು ಓಡುತ್ತಿರುವಾಗ ವಂಚಕ ‘ವೈರಸ್ ಸಿಕ್ಕಿದೆ’ ಎಂದು ಟೈಪ್ ಮಾಡಿಟ್ಟರೆ ಕೊನೆಯಲ್ಲಿ ಕಂಪ್ಯೂಟರೇ ಹೇಳಿದಂತೆ ಕಾಣುತ್ತದೆ.

ನಮ್ಮ ಪ್ರಕಾರ ತಪ್ಪು ನೋಡುವವರದ್ದಲ್ಲ, ಪರದೆಯ ಬರಹವೇ ಓದುವಂತಿಲ್ಲ. ಅದಕ್ಕೆ ಕಾರಣವೂ ಇದೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಹುಟ್ಟಿದಾಗ ಉತ್ತರ ಬರುತ್ತಿದ್ದುದು ಟೆಲಿಟೈಪ್ ಯಂತ್ರದ ಕಾಗದದ ಮೇಲೆ. ಆಗ ಹೆಚ್ಚು ಬಳಕೆಯಲ್ಲಿದ್ದ ಮಾಡೆಲ್ 33 ಅಚ್ಚು ಮಾಡುತ್ತಿದ್ದುದು ಸೆಕೆಂಡಿಗೆ 10 ಅಕ್ಷರ. ಒಂದೊಂದು ಪದಕ್ಕೂ ಕಾಯಬೇಕಾದಲ್ಲಿ ಯಾರು ವಿವರಿಸುತ್ತಾ ಕೂರುತ್ತಾರೆ? ಕೆಲಸ ಸರಿಯಾಗಿ ಆದರೆ ಏನೂ ಹೇಳದಿರುವುದೇ ಪದ್ಧತಿಯಾಯಿತು. ಜತೆಗೆ ಒಂದು ಕಮಾಂಡಿನ ಉತ್ತರವನ್ನು ಇನ್ನೊಂದು ಕಮಾಂಡ್ ಓದಬೇಕಿತ್ತು. ಯಂತ್ರಕ್ಕೆ ಅಲಂಕಾರ ಅಡ್ಡಿ.

ಸುಧಾರಣೆ ಆಗುತ್ತಲೇ ಇದೆ. ಲಿನಕ್ಸಿನಲ್ಲಿ ಡಿಸ್ಕ್ ಎಷ್ಟು ತುಂಬಿದೆ ಎಂದು ‘ಡಿಎಫ್’ ಕೇಳಿದರೆ 104857600 ಎಂಬಂಥ ಅಂಕಿ ಬರುತ್ತದೆ. ಜತೆಗೆ ‘ಹೆಚ್’ ಎಂಬ ಒಂದು ಅಕ್ಷರ ಸೇರಿಸಿದರೆ ಅದೇ ಅಂಕಿ 100ಜಿ. ಹಲವು ಟೂಲುಗಳು ಉತ್ತರ ಹೋಗುತ್ತಿರುವುದು ಮನುಷ್ಯನ ಪರದೆಗೋ ಇನ್ನೊಂದು ಪ್ರೋಗ್ರಾಂಗೋ ಎಂದು ನೋಡಿ, ಪರದೆಗಾದರೆ ಮಾತ್ರ ಬಣ್ಣ ಹಚ್ಚುತ್ತವೆ. ಆದರೆ ಕೆಂಪು-ಹಸಿರು ಬೇರೆಮಾಡಿ ಕಾಣದವರಿಗೆ ಬಣ್ಣವೊಂದೇ ಸಾಲದು. ‘ದೋಷ’ ಎಂಬ ಪದವೂ ಇರಬೇಕು. ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಸಣ್ಣ ಬದಲಾವಣೆ: ಲಿನಕ್ಸಿನಲ್ಲಿ ನೆಟ್‌ಸ್ಟ್ಯಾಟ್ ಬದಲಿಗೆ ಬಂದ ‘ಎಸ್‌ಎಸ್’ ಕಮಾಂಡ್ ಫಾರಿನ್ ಎನ್ನುವುದಿಲ್ಲ, ‘ಪಿಯರ್ ಅಡ್ರೆಸ್’ ಎನ್ನುತ್ತದೆ. ವಿಂಡೋಸ್‌ನಲ್ಲಿ ಇನ್ನೂ ಹಳೆಯ ಪದವೇ.

ಕನ್ನಡದ ಪಾಡು ಬೇರೆ. ಈ ಪರದೆ ಚೌಕುಳಿ ಹಾಳೆಯಂತೆ, ಒಂದು ಮನೆಗೆ ಒಂದು ಅಕ್ಷರ. ‘ಸ್ತ್ರೀ’ ನಮಗೆ ಒಂದಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಹಾಗಾಗಿ ಫೈಲಿಗೆ ಕನ್ನಡದ ಹೆಸರಿಟ್ಟರೆ ಕಾಲಂಗಳು ಸೊಟ್ಟಗಾಗುವುದು ಮಾಮೂಲು.

ಕರೆ ಮಾಡಿದವರಿಗೆ ಈಗಾಗಲೇ ಕಂಪ್ಯೂಟರಿನ ಹಿಡಿತ ಕೊಟ್ಟಿದ್ದರೆ ಮೊದಲು ಇಂಟರ್ನೆಟ್ ಕಡಿದುಹಾಕಿ, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.