ಕುದುರೆ ಸವಾರರಿಗೂ ಊರಲ್ಲೊಂದು ಕಲ್ಲು ಬೇಕು

ಹಳೇಬೀಡು ಸಮೀಪದ ನಮ್ಮ ರಾಗಿ ಹೊಲದ ಬದುವಿನಲ್ಲೊಂದು ವೀರಗಲ್ಲಿದೆ. ಕಳ್ಳರಿಂದ ದನ ಬಿಡಿಸಲು ಹೋಗಿ ಮಡಿದವನದು. ಹಬ್ಬಕ್ಕೆ ಅರಿಶಿನ-ಕುಂಕುಮ ಇಡುತ್ತೇವೆ.

ನಮ್ಮ ಮುತ್ತಾತ ಇಪ್ಪತ್ತರ ಹರೆಯದಲ್ಲಿ ನೇಗಿಲು ಬಿಟ್ಟು ಮೊದಲನೇ ಮಹಾಯುದ್ಧಕ್ಕೆ ಹೋದವರು. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆಪಡೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಈ ಪಡೆ ಬರೀ ಈಟಿ-ಕತ್ತಿ ಹಿಡಿದು ತುರ್ಕರ ಫಿರಂಗಿ, ಮೆಷಿನ್ ಗನ್ನುಗಳ ಮೇಲೆ ನುಗ್ಗಿ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದಿತು. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರು ಪಡೆಯದು. ಬೆಂಗಳೂರಿನಲ್ಲೂ ಸ್ಮಾರಕವಿದೆ.

ಆದ್ರೆ ಊರಲ್ಲಿ? ಒಂದು ಕಲ್ಲೂ ಇಲ್ಲ. ದನ ಕಾದವನನ್ನು ನೆನೆಯುವ ನಾವು ಇವರನ್ನು ಮರೆತದ್ದು ಸರಿಯಲ್ಲ.

ಅರಸೀಕೆರೆ, ಬೇಲೂರು ಕಡೆಯ ರೈತಬಾಂಧವರೇ, ನಿಮ್ಮ ಮನೆಯಿಂದ ಯಾರಾದ್ರೂ ಹೋಗಿದ್ದರೆ ಹಿರಿಯರನ್ನು ಕೇಳಿ ಹೆಸರು ಬರೆದಿಡಿ. ಪಂಚಾಯ್ತಿ ಕಟ್ಟೆ ಹತ್ರ ಒಂದು ಕಲ್ಲು ನಿಲ್ಲಿಸೋಕೆ ದೊಡ್ಡ ಖರ್ಚೇನೂ ಬರಲ್ಲ.