ತಿಳಿಯಾಕಾಶದ ಕೆಳಗೆ ಜಾರುವ ದಾರಿ

ದೀಪಾವಳಿ ಕಳೆಯುವ ಹೊತ್ತಿಗೆ ಹಿಮಾಲಯದ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಮುಂಗಾರಿನ ಮೋಡಗಳು ಹಿಂದೆ ಸರಿದು, ದೂರದ ಶಿಖರಗಳು ಕೈಗೆಟುಕುವಂತೆ ಕಾಣುತ್ತವೆ. ಚಾರಣಕ್ಕೆ ಇದೇ ಪ್ರಶಸ್ತ ಕಾಲವೆಂದು ನಾನಾ ದೇಶಗಳ ಜನ ನೇಪಾಳಕ್ಕೆ ಬರುತ್ತಾರೆ. ಅದು ಸರಿಯೇ. ಆದರೆ ಅದೇ ತಿಳಿಯಾಕಾಶ ಕಾಲ ಕೆಳಗಿನ ದಾರಿಯನ್ನು ಏನು ಮಾಡುತ್ತದೆ?

ಅನ್ನಪೂರ್ಣ ಪರ್ವತಸಾಲನ್ನು ಸುತ್ತುವ ದಾರಿಯಲ್ಲಿ ತೊರಾಂಗ್ ಲಾ ಎಂಬ ಕಣಿವೆಮಾರ್ಗವಿದೆ. ಎತ್ತರ 5,416 ಮೀಟರ್. ಇದರ ಪೂರ್ವಕ್ಕೆ ಸುಮಾರು 3,500 ಮೀಟರ್ ಎತ್ತರದಲ್ಲಿ ಮನಾಂಗ್ ಹಳ್ಳಿ. ಪಶ್ಚಿಮಕ್ಕೆ ಇಳಿದರೆ ನಮ್ಮ ಯಾತ್ರಿಕರಿಗೂ ಪರಿಚಿತವಾದ ಮುಕ್ತಿನಾಥ. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮಧ್ಯಾಹ್ನ ಮನಾಂಗ್‌ನಲ್ಲಿ 10 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೇಲೆ ಸೊನ್ನೆಗಿಂತ ಕೆಳಗೆ ಎಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು.

ಇನ್ನು ರಾತ್ರಿಯ ಮಾತು. ಮೋಡ ಭೂಮಿಗೆ ಹೊದಿಸಿದ ಕಂಬಳಿಯಿದ್ದಂತೆ. ಅದಿಲ್ಲದಾಗ, ಗಾಳಿಯೂ ತೆಳುವಾಗಿ ಒಣಗಿರುವಾಗ, ನೆಲ ಹಗಲು ಪಡೆದ ಶಾಖವನ್ನೆಲ್ಲ ಬೇಗನೆ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಬಿಸಿಲಿಗೆ ಕರಗಿ ದಾರಿಯ ಮೇಲೆ ಹರಿದ ಹಿಮದ ನೀರು ಬೆಳಗಿನ ಜಾವಕ್ಕೆ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ. ಮೇಲೆ ಹೊತ್ತೇರಿದಂತೆ ಗಾಳಿ ಬಿರುಸಾಗುವುದರಿಂದ ಚಾರಣಿಗರು ಕತ್ತಲಲ್ಲೇ ಹೊರಡುತ್ತಾರೆ. ಅಂದರೆ ದಾರಿ ಅತ್ಯಂತ ಕೆಟ್ಟಿರುವ ಗಳಿಗೆಯಲ್ಲಿ!

ದಕ್ಷಿಣಾಯನದ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಈ ದಿನಗಳಲ್ಲಿ ಬಿಸಿಲು ಬೀಳುವುದೇ ಕಡಿಮೆ. ಒಂದು ತಿರುವಿನಲ್ಲಿ ಧೂಳೇಳುವ ಒಣ ದಾರಿ, ಮುಂದಿನ ತಿರುವಿನಲ್ಲಿ ನೂರಾರು ಬೂಟುಗಳು ತುಳಿದು ಗಟ್ಟಿ ಮಾಡಿದ ಮಂಜುಗಡ್ಡೆ.

ಮಂಜುಗಡ್ಡೆ ಜಾರುವುದೇಕೆ? ಮೇಲಿನ ಒತ್ತಡಕ್ಕೆ ಅದು ಕರಗುತ್ತದೆ ಎಂಬ ಉತ್ತರ ಬಹುಕಾಲ ಪುಸ್ತಕಗಳಲ್ಲಿತ್ತು. ಆದರೆ ಬೂಟು ತೊಟ್ಟ ಮನುಷ್ಯನ ಭಾರದಿಂದ ಕರಗುವ ಬಿಂದು ಒಂದು ಡಿಗ್ರಿಯ ನೂರರಲ್ಲೊಂದು ಪಾಲಿನಷ್ಟು ಇಳಿದರೆ ಹೆಚ್ಚು. ಮಂಜುಗಡ್ಡೆಯ ಮೇಲ್ಪದರದ ಅಣುಗಳಿಗೆ ಒಳಗಿನವುಗಳಷ್ಟು ಬಿಗಿಯಾದ ಹಿಡಿತವಿಲ್ಲ. ಅವು ಸುಲಭವಾಗಿ ಸರಿದಾಡುತ್ತವೆ ಎಂಬುದು ಈಗಿನ ತಿಳಿವಳಿಕೆ. ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳು ಆ ಪದರವನ್ನು ದಾಟಿ ಕೆಳಗೆ ಕಚ್ಚುತ್ತವೆ.

ಇಷ್ಟೇ ಆಗಿದ್ದರೆ ಎಚ್ಚರದಿಂದ ಹೆಜ್ಜೆಯಿಟ್ಟರೆ ಸಾಕಿತ್ತು. ಭೂಪಟ ತೆರೆದು ವಿಶಾಖಪಟ್ಟಣದ ಮೇಲೆ ಬೆರಳಿಟ್ಟು ನೇರ ಉತ್ತರಕ್ಕೆ ಎಳೆಯಿರಿ. ಸುಮಾರು 1,200 ಕಿಲೋಮೀಟರ್ ಸಾಗಿದರೆ ಬೆರಳು ತೊರಾಂಗ್ ಲಾ ಸಮೀಪ ನಿಲ್ಲುತ್ತದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಬಳಿ ದಡ ಮುಟ್ಟಿತು. ನೆಲದ ಮೇಲೆ ಅದರ ಗಾಳಿ ಸೋತರೂ ಹೊತ್ತಿದ್ದ ತೇವ ಉತ್ತರಕ್ಕೆ ಸಾಗಿತು. ಪರ್ವತಕ್ಕೆ ತಾಗಿ ಮೇಲೇರಿ ತಣಿದು 14ರಂದು ಭಾರಿ ಹಿಮವಾಗಿ ಸುರಿಯಿತು. ಮುಕ್ತಿನಾಥದ ಕಡೆಗೆ ಇಳಿಯುತ್ತಿದ್ದ ಹಲವರಿಗೆ ದಾರಿಯೇ ಕಾಣಲಿಲ್ಲ. ಆ ದಿನಗಳಲ್ಲಿ ಹಿಮಪಾತ, ಹಿಮಕುಸಿತಗಳಿಂದ ಆ ಪ್ರದೇಶದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೇಪಾಳಿ ಮಾರ್ಗದರ್ಶಕರೂ ಹೊರೆ ಹೊರುವವರೂ ಇದ್ದರು.

ಅದು ಅಪರೂಪದ ಘಟನೆ, ನಿಜ. ಆದರೂ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲವೂ ಚಾರಣದ ಈ ಒಳ್ಳೆಯ ಕಾಲವೂ ಒಂದೇ ಎಂಬುದನ್ನು ಎಷ್ಟು ಮನೆಗಳಲ್ಲಿ ಯೋಚಿಸುತ್ತಾರೋ! ಮಗನೋ ಮಗಳೋ ಹೊರಟಿದ್ದರೆ ಸ್ವೆಟರ್ ಇಟ್ಟುಕೊಂಡೆಯಾ ಎಂದು ತಾಯಿ ಕೇಳುತ್ತಾರೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತವೇನಾದರೂ ಇದೆಯೇ, ಕೆಳಗಿನ ಹಳ್ಳಿಯಲ್ಲಿ ಕಾದು ಕೂರಲು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದೀರಾ ಎಂದು ತಂದೆ ಕೇಳಲಿ. ಊರಿಗೆ ಮರಳುವ ಟಿಕೆಟ್ಟಿನ ತಾರೀಖು ನೋಡಿದರೆ ಉತ್ತರ ಗೊತ್ತಾಗುತ್ತದೆ.