ಹೊಲಿಗಿ ಮಷೀನು ಕೊಟ್ಟಿರಿ, ತ್ಯಾಪಿ ಹಚ್ಚುವವರು ಯಾರು?

ಮೊನ್ನೆ ಕುಡಿಯುವ ನೀರಿನ ಸುದ್ದಿಗೆಂದು ಯಲಬುರ್ಗಾ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಹನ್ನೊಂದು ಗಂಟೆ ಹೊತ್ತು. ಶಾಲೆಯೊಳಗಿಂದ ಮಗ್ಗಿ ಹೇಳುವ ದನಿ ಕೇಳುತ್ತಿತ್ತು. ಹೊರಗೆ ಬೇವಿನ ಗಿಡದ ಬುಡಕ್ಕೆ ಐದನೆತ್ತೆಯ ಹುಡುಗನೊಬ್ಬ ಎರಡು ಆಡು ಕಾಯುತ್ತ ಕುಂತಿದ್ದ.

"ಯಾಕೋ ತಮ್ಮಾ, ಸಾಲಿಗೆ ಹೋಗಿಲ್ಲೇನು?"

"ಚೊಣ್ಣ ಹರದೈತ್ರಿ."

"ಹೊಲಿಸಬೇಕಿಲ್ಲೋ?"

"ಅವ್ವ ಮಂಗಳೂರಾಗ ಅದಾಳ್ರಿ. ಅಜ್ಜಿಗೆ ಸೂಜಿ ಕಣ್ಣು ಕಾಣೂದಿಲ್ಲ."

ನೀರಿನ ಸುದ್ದಿ ಮರುದಿನ ಪತ್ರಿಕೆಯಲ್ಲಿ ಬಂತು. ಚೊಣ್ಣದ ಸುದ್ದಿ ಬರಲಿಲ್ಲ. ಅದು ಸುದ್ದಿಯೇ ಅಲ್ಲ ಎಂದು ನಮ್ಮವರೇ ನಕ್ಕರು. ನನಗೆ ಮಾತ್ರ ಅದು ತಲೆಯಿಂದ ಹೋಗಲೊಲ್ಲದು.

ಸಮವಸ್ತ್ರದ ವಿಷಯದಲ್ಲಿ ನಮ್ಮ ಕೊಪ್ಪಳ ಜಿಲ್ಲೆಗೆ ಒಂದು ಹೆಸರಿದೆ, ಎಷ್ಟು ಜನಕ್ಕೆ ನೆನಪಿದೆಯೋ! ಇದೇ ಜಿಲ್ಲೆಯ ಸರ್ಕಾರಿ ಶಾಲೆ ಹುಡುಗನೊಬ್ಬ ತಂದೆಯ ಮೂಲಕ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದ. 2019ರಲ್ಲಿ ಧಾರವಾಡ ಪೀಠ ಮಕ್ಕಳಿಗೆ ಎರಡು ಜೊತೆ ಸಮವಸ್ತ್ರ, ಜೊತೆಗೆ ಬೂಟು, ಕಾಲುಚೀಲ ಕೊಡಿ ಎಂದು ಸರ್ಕಾರಕ್ಕೆ ಹೇಳಿತು. ಸರ್ಕಾರ ಎಂದಿನಂತೆ ನಿದ್ದೆ ಮಾಡಿತು. ಪ್ರಕರಣ ನ್ಯಾಯಾಂಗ ನಿಂದನೆಯವರೆಗೂ ಹೋಗಿ, 2023ರಲ್ಲಿ ಹೈಕೋರ್ಟು ಮತ್ತೆ ಛೀಮಾರಿ ಹಾಕಬೇಕಾಯಿತು. ಮಕ್ಕಳ ಮೈಮೇಲಿನ ಅರಿವೆ ಕೋರ್ಟಿನ ತನಕ ಹೋಗುವ ವಿಷಯ ಎಂಬುದನ್ನು ರಾಜ್ಯಕ್ಕೆ ತೋರಿಸಿದ್ದು ನಮ್ಮ ಜಿಲ್ಲೆ.

ಸರಿ, ಎರಡು ಜೊತೆ ಬಂತು ಅನ್ನಿ. ಜೂನಿನಲ್ಲಿ ಬಂದದ್ದು ದೀಪಾವಳಿಗೆ ಮೊಣಕಾಲು, ಕುಂಡಿ, ಕಂಕುಳಲ್ಲಿ ಬಾಯಿ ಬಿಡುತ್ತದೆ. ಮಕ್ಕಳು ಮಕ್ಕಳೇ, ಗಿಡ ಹತ್ತುತ್ತಾರೆ, ಕಂಪೌಂಡು ಜಿಗಿಯುತ್ತಾರೆ. ಆಮೇಲೆ ಏನು? ಆದೇಶಗಳಲ್ಲಿ ಹೊಸ ಬಟ್ಟೆಯ ಮಾತಿದೆ, ಹರಿದ ಬಟ್ಟೆಯ ಮಾತು ಎಲ್ಲಿಯೂ ಕಂಡಿಲ್ಲ.

ಆ ಹಳ್ಳಿಯಲ್ಲಿ ಹೊಲಿಗಿ ಮಷೀನು ಇಲ್ಲವೇ ಎಂದು ಕೇಳಿದೆ. ಮೂರಿವೆ! ಎರಡು ಸರ್ಕಾರದವು, ಒಂದು ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕೂಡಿಸಿ ಕೊಂಡದ್ದು. ಸರ್ಕಾರದ ಒಂದರ ಮೇಲೆ ಟಿವಿ ಇಟ್ಟಿದ್ದಾರೆ. ಇನ್ನೊಂದರ ಬೆಲ್ಟು ಹರಿದು ವರ್ಷವಾಯಿತು. ಮೂರನೆಯದು, ಸ್ವಂತ ದುಡ್ಡಿನದು, ನಡೆದಿದೆ. ಆ ತಾಯಿ ಜಂಪರು ಮಾತ್ರ ಹೊಲಿಯುತ್ತಾಳೆ.

ನಮ್ಮಲ್ಲಿ ಮಷೀನು ಹಂಚುವುದೆಂದರೆ ಒಂದು ಜಾತ್ರೆಯೇ. ಶಾಮಿಯಾನ, ಹಾರ, ಫೋಟೋ. ಮಹಿಳಾ ದಿನಕ್ಕೊಮ್ಮೆ, ಚುನಾವಣೆ ಮುಂದೆ ಎರಡು ಸಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಒಂದು. ಸಲಕರಣೆಗೆ 15,000 ರೂಪಾಯಿ, ಮೇಲೆ ಸಾಲ. ಕೊಡಲಿ, ಬೇಡ ಅನ್ನುವವರು ಯಾರು? ಆದರೆ ಕೊಟ್ಟ ಮಷೀನಿಗೆ ಕೆಲಸ ಎಲ್ಲಿದೆ ಎಂದು ಹಂಚಿದವರು ತಿರುಗಿ ನೋಡಿದ್ದನ್ನು ನಾನಂತೂ ನೋಡಿಲ್ಲ.

ತ್ಯಾಪಿ ಹಚ್ಚುವ ಕೆಲಸ ಯಾಕೆ ಯಾರಿಗೂ ಬೇಡವಾಯಿತು ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಪಿಯುಸಿ ಅರ್ಧಕ್ಕೆ ಬಿಟ್ಟ ಮೇಲೆ ಒಂದು ವರ್ಷ ಗಂಗಾವತಿಯಲ್ಲಿ ದರ್ಜಿ ಅಂಗಡಿಯೊಂದರಲ್ಲಿ ಕಾಜಾ-ಗುಂಡಿ ಮಾಡಿಕೊಂಡಿದ್ದವ ನಾನು. ಹರಿದದ್ದನ್ನು ಹೊಲಿಯುವುದು ಹೊಸದು ಹೊಲಿಯುವುದಕ್ಕಿಂತ ಕಷ್ಟ. ಮೊದಲು ಹಳೆ ಹೊಲಿಗೆ ಬಿಚ್ಚಬೇಕು. ಬಣ್ಣಕ್ಕೆ ಬಣ್ಣ ಕೂಡುವ ದಾರ ಹುಡುಕಬೇಕು. ಒಳಗಿಂದ ತುಂಡು ಕೊಟ್ಟು, ಅಂಚು ಮಡಚಿ, ಸುತ್ತ ಎರಡು ಸಾಲು ಓಡಿಸಬೇಕು. ಅರ್ಧ ತಾಸು ಹೋಗುತ್ತದೆ. ಗಿರಾಕಿ ಇಪ್ಪತ್ತು ರೂಪಾಯಿ ಕೊಡಲು ಇಡೀ ಬಜಾರಕ್ಕೆ ಕೇಳುವಂತೆ ಜಗಳ ಮಾಡುತ್ತಾನೆ. ಅದೇ ಹೊತ್ತಿನಲ್ಲಿ ಅರ್ಧ ಜಂಪರು ಮುಗಿಯುತ್ತದೆ. ನಮ್ಮ ಮಾಸ್ತರು ತ್ಯಾಪಿ ಕೆಲಸ ಬಂದರೆ "ನಾಳೆ ಬರ್ರಿ" ಅನ್ನುತ್ತಿದ್ದರು. ಆ ನಾಳೆ ಬರುತ್ತಿರಲಿಲ್ಲ. ಅವರದು ತಪ್ಪೆಂದು ಹೇಳಲಾರೆ. ಅವರಿಗೂ ಬಾಡಿಗೆ, ಕರೆಂಟು ಬಿಲ್ಲು ಇತ್ತು.

ಇನ್ನು ಮನೆಯೊಳಗೇ ಹೊಲಿದುಕೊಳ್ಳುತ್ತಿದ್ದ ಕಾಲ. ನಮ್ಮ ಕಡೆ ಸೀರೆಗೆ ಸಾವೇ ಇರಲಿಲ್ಲ. ಇಳಕಲ್ ಸೀರೆ ಹರಿದರೆ ದಡಿ ಕತ್ತರಿಸಿ ಬೇರೆ ಸೀರೆಗೆ ಹಚ್ಚುವುದು, ಗಟ್ಟಿ ಇದ್ದ ಭಾಗದಲ್ಲಿ ಹುಡುಗಿಗೆ ಲಂಗ, ಕೂಸಿಗೆ ಕುಂಚಿಗೆ. ಮಿಕ್ಕದ್ದು ತೊಟ್ಟಿಲಿಗೆ, ಬುತ್ತಿ ಕಟ್ಟಲಿಕ್ಕೆ, ಕೊಡದ ಕೆಳಗಿನ ಸಿಂಬಿಗೆ. ಕಡೆಗೆ ಉಳಿದ ಚಿಂದಿ ದೇವರ ಮುಂದೆ ಬತ್ತಿಯಾಗಿ ಉರಿಯುತ್ತಿತ್ತು. ಕುಷ್ಟಗಿ ತಾಲ್ಲೂಕಿನ ದೋಟಿಹಾಳದಲ್ಲಿ, ಇಲ್ಲೇ ಭಾಗ್ಯನಗರದಲ್ಲಿ ನೇಯ್ದ ಅರಿವೆ ಹೀಗೆ ಮೂರು ತಲೆ ಬಾಳುತ್ತಿತ್ತು. (ಭಾಗ್ಯನಗರದಲ್ಲಿ ಈಗ ಮಗ್ಗಕ್ಕಿಂತ ಕೂದಲಿನ ವ್ಯಾಪಾರದ ಮಾತೇ ಹೆಚ್ಚು.) ಕಿನ್ನಾಳದ ಚಿತ್ರಗಾರರಂತೂ ಹರಕು ಗೋಣಿಯನ್ನೂ ಬಿಡಲಿಲ್ಲ, ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಪುಡಿ, ಹುಣಸೆಬೀಜದ ಅಂಟಿನೊಡನೆ ಕಲಸಿ ಗೊಂಬೆಗೆ ಬಳಸಿದರು.

ಎಲ್ಲಕ್ಕಿಂತ ದೊಡ್ಡದು ಕೌದಿ. ನಮ್ಮಜ್ಜಿ ಬೇಸಗೆಯಲ್ಲಿ ನಾಲ್ಕು ಹಳೆ ಸೀರೆ ಹಾಸಿ, ಅಂಚಿನಿಂದ ಶುರುಮಾಡಿ ಒಳಗೊಳಗೆ ಸುತ್ತು ಹೊಲಿಯುತ್ತ ಬರುತ್ತಿದ್ದಳು. ತಿಂಗಳಾದರೂ ಮುಗಿಯುತ್ತಿರಲಿಲ್ಲ. ಕಡೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲಿಯುವುದು ನಮ್ಮನೆಯ ಪದ್ಧತಿ. ಹೊದ್ದವರು ಹಸಿದು ಮಲಗಬಾರದು ಅಂತ. ಈ ಕೌದಿ ಮನೆಯಲ್ಲಿ ಕುಂತದ್ದಲ್ಲ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಜನ ಗಂಟು ಕಟ್ಟಿ ಗುಳೆ ಹೊರಟರೆ ಗಂಟಿನ ಹೊರಗಿನ ಸುತ್ತು ಕೌದಿಯದೇ. ಗೋವಾದ ಕಟ್ಟಡದ ಕೆಳಗೆ, ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಅದೇ ಹಾಸಿಗೆ, ಅದೇ ಗೋಡೆ, ಬಾಣಂತಿಗೆ ಅದೇ ಮರೆ.

ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿ ಅಮೆರಿಕದ ಮ್ಯೂಸಿಯಮ್ಮಿನಲ್ಲಿ ನೇತಾಡಿ ಬಂದಿವೆ. ನಮ್ಮ ಅಜ್ಜಿಯರ ಕೌದಿ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಬುಟ್ಟಿಗೆ ಹೋದವು. ಒಂದು ಡಬರಿಗೆ ಎರಡು ಕೌದಿ!

ಹಿಂದಿನದೆಲ್ಲ ಬಂಗಾರ ಎಂದು ಹೇಳುವವ ನಾನಲ್ಲ. ತ್ಯಾಪಿ ಹಚ್ಚಿದ್ದು ಬಡತನಕ್ಕೆ, ಶೋಕಿಗಲ್ಲ. ತ್ಯಾಪಿ ಚೊಣ್ಣ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಂತವರಿಗೆ ಅದರ ಉರಿ ಗೊತ್ತು. ಇಂದು ಹರಿದ ಪ್ಯಾಂಟನ್ನೇ ಎರಡು ಸಾವಿರ ಕೊಟ್ಟು ತರುವ ಗಂಗಾವತಿಯ ಹುಡುಗರಿಗೆ ಅದು ಗೊತ್ತಾಗುವುದಿಲ್ಲ. ರೇಟು ಬಂದ ವರ್ಷ ಭತ್ತದ ದುಡ್ಡು ಮಾತಾಡುತ್ತದೆ. ಮಾತಾಡಲಿ. ಆದರೆ ಒಂದು ಹತ್ತಿ ಅಂಗಿ ತಯಾರಾಗಲು ಹೊಲದಿಂದ ಹಿಡಿದು ಸುಮಾರು 2,700 ಲೀಟರ್ ನೀರು ಬೇಕೆಂದು ತಿಳಿದವರು ಲೆಕ್ಕ ಹಾಕಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಎಡದಂಡೆ ನಿದ್ದೆಗೆಟ್ಟು ಕುಂತಿತ್ತು. ಎರಡು ಸಲ ಹಾಕಿದ ಅಂಗಿಯನ್ನು ಕಸದ ಗಾಡಿಗೆ ಎಸೆಯುವಾಗ ಯಾರಿಗೂ ನಿದ್ದೆ ಕೆಡುವುದಿಲ್ಲ.

ಗವಿಮಠದ ಜಾತ್ರೆಯ ಅಂಗಡಿಗಳಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಬಟ್ಟೆಯ ಮಾತು ಬೇರೆ. ಬಡವರು ಅದನ್ನು ಕೊಳ್ಳದೆ ಏನು ಮಾಡಬೇಕು? ಅದರ ದೋಷ ಇಷ್ಟೇ, ಅದು ತ್ಯಾಪಿ ತಡೆಯುವುದಿಲ್ಲ. ಪಾಲಿಯೆಸ್ಟರಿನ ಅಗ್ಗದ ನೂಲು ಸೂಜಿ ಹೋದಲ್ಲೆಲ್ಲ ಎಳೆ ಬಿಡುತ್ತದೆ. ನಮ್ಮವ್ವ ಹೋದ ವರ್ಷ ಅಂಥ ಸೀರೆಗಳ ಕೌದಿ ಹೊಲಿದಳು. "ಮೈಮ್ಯಾಲೆ ನಿಲ್ಲಾಂಗಿಲ್ಲ, ಮೀನಿನಂಗ ಜಾರತೈತಿ" ಅಂತ ಬೈದು ಟ್ರಾಕ್ಟರಿನ ಸೀಟಿಗೆ ಹಾಸಿದ್ದಾಳೆ.

ಈಗ ನಾನು ಕೇಳುವುದು ಬಹಳ ಸಣ್ಣದು. ತಿಂಗಳ ಮೂರನೆಯ ಶನಿವಾರ ಸರ್ಕಾರಿ ಶಾಲೆಗಳಲ್ಲಿ ಪಾಟಿಚೀಲ ಇಲ್ಲದ 'ಸಂಭ್ರಮ ಶನಿವಾರ' ಇದೆ. ಆ ಬೆಳಿಗ್ಗೆ ಊರಿನ ಒಂದು ಸರ್ಕಾರಿ ಮಷೀನು, ಅದನ್ನು ಪಡೆದ ಹೆಣ್ಣುಮಗಳು ಶಾಲೆಯ ವರಾಂಡದಲ್ಲಿ ಕೂಡಲಿ. ಹರಿದ ಸಮವಸ್ತ್ರ ಅಲ್ಲೇ ಹೊಲಿಯಲಿ. ಒಂದಕ್ಕೆ ಹದಿನೈದು ರೂಪಾಯಿ ಗ್ರಾಮ ಪಂಚಾಯಿತಿ ಕೊಡಲಿ. ಇಪ್ಪತ್ತು ಬಟ್ಟೆ ಬಂದರೂ ಮುನ್ನೂರು ರೂಪಾಯಿ. ಒಂದು ಮಷೀನು ವಿತರಣೆ ಸಮಾರಂಭದ ಹಾರದ ಖರ್ಚಿಗೂ ಸಾಲದು. ಪಕ್ಕದಲ್ಲಿ ಕೌದಿ ಬಲ್ಲ ಅಜ್ಜಿಯೊಬ್ಬಳನ್ನು ಕೂಡಿಸಿ, ದಾರ ಪೋಣಿಸುವ ಕೆಲಸ ಮಕ್ಕಳಿಗೇ ಕೊಡಿ. ಅಜ್ಜಿಗೆ ಸೂಜಿ ಕಣ್ಣು ಕಾಣುವುದಿಲ್ಲ, ಮಕ್ಕಳಿಗೆ ಹೊಲಿಗೆ ಬರುವುದಿಲ್ಲ, ಎರಡೂ ಒಂದೇ ಹೊಡೆತಕ್ಕೆ ನೀಗುತ್ತದೆ. ಗಂಡುಹುಡುಗರಿಗೂ ಕಲಿಸಬೇಕು ಮತ್ತೆ! ಹನ್ನೆರಡನೆಯ ಶತಮಾನದ ಶರಣ ಸೂಜಿಕಾಯಕದ ರಾಮಿತಂದೆ ಗಂಡಸೇ ಆಗಿದ್ದ.

ಇದಕ್ಕೆ ಹೊಸ ಯೋಜನೆ ಬೇಡ, ಬೆಂಗಳೂರಿನ ಮಂಜೂರಾತಿ ಬೇಡ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ತಲಾ ಒಂದು ಶಾಲೆಯ ಎಸ್‌ಡಿಎಂಸಿಯವರು ಮನಸ್ಸು ಮಾಡಿದರೆ ಬರುವ ಶನಿವಾರವೇ ಶುರು ಮಾಡಬಹುದು. ಜಿಲ್ಲಾ ಪಂಚಾಯಿತಿಯವರು ಮಾಡಬೇಕಾದದ್ದು ಒಂದೇ: ಹಂಚಿದ ಮಷೀನುಗಳ ಪಟ್ಟಿ ತೆಗೆದು, ಎಷ್ಟರ ಮೇಲೆ ಟಿವಿ ಕುಂತಿದೆ ಎಂದು ನೋಡುವುದು. ಬೆಲ್ಟು ಹರಿದದ್ದಕ್ಕೆ ಬೆಲ್ಟು ಕೊಡಿಸುವುದು.

ಆ ಹುಡುಗನ ಚೊಣ್ಣದ ಮಾತು. ಜಂಪರು ಹೊಲಿಯುವ ತಾಯಿಯ ಮನೆಗೆ ಅವನನ್ನು ಕರೆದುಕೊಂಡು ಹೋಗಿ, ಕೇಳಿಕೊಂಡು ಮಷೀನಿಗೆ ನಾನೇ ಕುಂತೆ. ಹಳೆಯ ಕೈ, ಇಪ್ಪತ್ತು ನಿಮಿಷ ಹಿಡಿಯಿತು. ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಮುಂಚೆ ಹುಡುಗ ಶಾಲೆಯೊಳಗಿದ್ದ. ಆಡು ಎರಡೂ ಗೇಟಿನ ಹೊರಗೆ ನಿಂತು ಕೂಗುತ್ತಿದ್ದವು.